ನಮ್ಮೂರಲ್ಲೇ ಎರಡು ರಾತ್ರಿ ಹೋಟೆಲ್ ವಾಸ: ಗಂಜೀಫಾ ರೂಮು, ಲೋಕಲ್ ಐಡಿ ಕಿರಿಕ್ಕು, ಹನ್ನೊಂದನೇ ಮೀನು

ಒಂಟಿಕೊಪ್ಪಲ್_ಹುಡ್ಗ:

ಮನೆಗೆ ಬಣ್ಣ ಹೊಡಿಸ್ತಿದೀವಿ. ಮೂರೇ ದಿನ ಸರ್ ಅಂದೋರು ಆರನೇ ದಿನಕ್ಕೂ ಹಾಲ್ ಮುಗಿಸಿರ್ಲಿಲ್ಲ, ಆ ವಾಸನೆಗೆ ಮಗಳಿಗೆ ಕೆಮ್ಮು ಶುರುವಾಯ್ತು, ಅಮ್ಮ ‘ನಾನು ನಿಮ್ ಚಿಕ್ಕಮ್ಮನ ಮನೇಲಿರ್ತೀನಪ್ಪ’ ಅಂತ ಬ್ಯಾಗ್ ಎತ್ಕೊಂಡು ಹೊರಟೇಬಿಟ್ರು. ನನ್ ಹೆಂಡ್ತಿ ನಾವೂ ಎಲ್ಲಾದ್ರೂ ಹೋಗೋಣ ಅಂದ್ಳು. ಕೊಡಗು, ಊಟಿ ನೋಡಿದ್ರೆ ಲಾಂಗ್ ವೀಕೆಂಡು, ರೇಟ್ ಕೇಳೋ ಹಂಗೇ ಇಲ್ಲ. ಕೊನೆಗೆ ಇಲ್ಲೇ ಮೈಸೂರಲ್ಲೇ ರೂಮ್ ಮಾಡೋಣ ಅಂತಾಯ್ತು. ಹುಟ್ಟಿದ್ದು ಬೆಳೆದಿದ್ದು ಒಂಟಿಕೊಪ್ಪಲು, ಈಗಿರೋದು ಕುವೆಂಪುನಗರ, ಈ 38 ವರ್ಷದಲ್ಲಿ ಮೈಸೂರಲ್ಲಿ ಹೋಟೆಲ್ ರೂಮಲ್ಲಿ ಮಲಗಿದ್ದು ಇದೇ ಫಸ್ಟು.

ಮೊದಲು ಬುಕ್ ಮಾಡಿದ ಹೋಟೆಲ್ ಬೇರೆ. ಹೆಸರು ಬೇಡ. ರಿಸೆಪ್ಷನ್ನಲ್ಲಿ ಆಧಾರ್ ನೋಡಿ ‘ಸಾರಿ ಸರ್, ಲೋಕಲ್ ಐಡಿಗೆ ರೂಮ್ ಕೊಡಲ್ಲ’ ಅಂದ್ರು. ಪಕ್ಕದಲ್ಲಿ ಹೆಂಡ್ತಿ, ಸ್ಕೂಲ್ ಬ್ಯಾಗ್ ಹಾಕ್ಕೊಂಡಿರೋ ಒಂಬತ್ತು ವರ್ಷದ ಮಗಳು, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಡಬ್ಬಿ. ನಮ್ಮನ್ನ ನೋಡಿದ್ರೆ ಏನ್ ಅನುಮಾನ ಬರತ್ತೋ ಆ ಪುಣ್ಯಾತ್ಮನಿಗೆ. ದುಡ್ಡು ವಾಪಸ್ ಬರೋಕೆ ಐದು ದಿನ ಆಗತ್ತಂತೆ.

ಆಟೋದಲ್ಲೇ ಕೂತ್ಕೊಂಡು ಹುಡುಕಿ ಸಿಕ್ಕಿದ್ದು ಇದು, ಯಾದವಗಿರಿ ಕಡೆ ಹಳೇ ಬಂಗಲೆನ ಹೋಟೆಲ್ ಮಾಡಿದಾರೆ, ಕೆಂಪು ಗಾರೆ ನೆಲ, ಮದ್ರಾಸ್ ತಾರಸಿ, ಒಂಬತ್ತೇ ರೂಮು, ಒಂದೊಂದು ರೂಮಿಗೆ ಒಂದೊಂದು ಕಲೆ: ಇನ್‌ಲೇ, ಚನ್ನಪಟ್ಟಣದ ಬಣ್ಣ, ಮಲೆನಾಡಿನ ಹಸೆ ಚಿತ್ತಾರ ಹೀಗೆ. ಫೋನಲ್ಲೇ ಲೋಕಲ್ ಐಡಿ ಪರವಾಗಿಲ್ವಾ ಅಂತ ಕೇಳ್ದೆ, ಆ ಕಡೆಯಿಂದ ನಗು. ‘ಬನ್ನಿ ಸರ್, ಅರ್ಧ ಗೆಸ್ಟ್ ಮೈಸೂರವ್ರೇ.’

ನಮಗೆ ಸಿಕ್ಕಿದ್ದು ಮೇಲಿನ ಗಂಜೀಫಾ ರೂಮು. ಗಂಜೀಫಾ ಅಂದ್ರೆ ಹಳೇ ಕಾಲದ ಇಸ್ಪೀಟು. ಮಂಚದ ಹಿಂದಿನ ಗೋಡೆ ತುಂಬಾ ದುಂಡನೆ ಎಲೆಗಳು, ಒಂದೊಂದೂ ತಿಂಡಿ ತಟ್ಟೆಯಷ್ಟು. ದಶಾವತಾರ ಗಂಜೀಫಾ ಅಂತೆ, ಅವತಾರಕ್ಕೆ ಒಂದು ಸಾಲು, ಸಾಲಿಗೆ ಹನ್ನೆರಡು ಎಲೆ, ಒಟ್ಟು 120. ಮೊದಲು ರಾಜ, ಆಮೇಲೆ ಮಂತ್ರಿ, ಆಮೇಲೆ ಒಂದರಿಂದ ಹತ್ತು. ಮತ್ಸ್ಯದ ಸಾಲಲ್ಲಿ ಒಂದು ಮೀನು, ಎರಡು ಮೀನು, ಹಂಗೇ ಹತ್ತು ಮೀನು. ಟೇಬಲ್ ಮೇಲೆ ಆಡೋಕೆ ಅಂತ ಒಂದು ಪ್ರಿಂಟ್ ಕಟ್ಟೂ ಇಟ್ಟಿದ್ರು, ರೂಲ್ಸ್ ಹಾಳೆ ಜೊತೆ. ಹಗಲು ಆಡಿದ್ರೆ ರಾಮನ ಎಲೆ ಇರೋನು ಶುರು ಮಾಡ್ಬೇಕು, ರಾತ್ರಿ ಆಡಿದ್ರೆ ಕೃಷ್ಣನ ಎಲೆ ಇರೋನು. ಅರ್ಧ ಅವತಾರಕ್ಕೆ 10 ದೊಡ್ಡದು, ಇನ್ನರ್ಧಕ್ಕೆ 1 ದೊಡ್ಡದು. ಮೂರು ಆಟ ಆಗೋಷ್ಟರಲ್ಲಿ ನನ್ ತಲೆ ಕೆಟ್ಟೋಯ್ತು, ಮಗಳು ಗೆದ್ಳು. ಮೋಸ ಮಾಡಿದ್ಳೋ ಏನೋ, ಕಂಡುಹಿಡಿಯೋಕೆ ನನಗೆ ರೂಲ್ಸ್ ಗೊತ್ತಿರ್ಬೇಕಲ್ಲ.

ಎರಡನೇ ರಾತ್ರಿ ಲೈಟ್ ಆರಿಸೋ ಹೊತ್ತಿಗೆ ಮಗಳು ಮಲಗಿದ್ದಲ್ಲಿಂದಲೇ ‘ಅಪ್ಪಾ, ಹತ್ತರ ಮೀನಲ್ಲಿ ಹನ್ನೊಂದಿದೆ’ ಅಂದ್ಳು. ಹೋಗೇ ಅಂದೆ. ಎದ್ದು ಮಂಚದ ಮೇಲೆ ನಿಂತು ಎಣಿಸಿದೆ. ಹನ್ನೊಂದು! ಹೆಂಡ್ತಿ ಎಣಿಸಿದ್ಳು, ಅವಳಿಗೂ ಹನ್ನೊಂದು. ಉಳಿದ ಒಂಬತ್ತು ಸಾಲು ಸರಿಯಾಗಿದೆ, ಆಮೆ ಹತ್ತು, ಕೊಡಲಿ ಹತ್ತು. ಮೀನು ಮಾತ್ರ ಒಂದು ಎಕ್ಸ್‌ಟ್ರಾ. ಇವತ್ತು ಬೆಳಿಗ್ಗೆ ಚೆಕೌಟ್ ಟೈಮಲ್ಲಿ ರಿಸೆಪ್ಷನ್ನವ್ರನ್ನ ಕೇಳಿದ್ರೆ ‘ಡಿಸೈನ್ ಹಂಗೇ ಇದೆ ಸರ್’ ಅಂದ್ರು.

ಗೊತ್ತಿರೋರು ಹೇಳಿ, ಹನ್ನೊಂದರ ಎಲೆ ಅಂತ ಏನಾದ್ರೂ ಇದ್ಯಾ?

ಗದಗ_ಗಿರಮಿಟ್:

ಅಲ್ರೀ ಸಾಹೇಬ್ರ, ಸ್ವಂತ ಮನಿ ಬಿಟ್ಟು ಅದ ಊರಾಗ ರೊಕ್ಕಾ ಕೊಟ್ಟು ಮಲಗಾಕ ಹೋಗೂದು ಅಂದ್ರ ಇದೇನ್ರೀ ಹುಚ್ಚ. ಅಲ್ಲಿ ಹೋಗಿ ಮತ್ತ ರಾತ್ರಿ ಎದ್ದು ಮೀನ ಎಣಿಸೀರಿ. ನಮ್ಮಪ್ಪಗ ಹೇಳಿದ್ರ ಎರಡ ದಿನ ನಗ್ತಾನ.

ಒಂಟಿಕೊಪ್ಪಲ್_ಹುಡ್ಗ:

ನಮ್ಮಮ್ಮನೂ ನಕ್ರು ಸರ್. ಆಮೇಲೆ ‘ತಿಂಡಿಗೆ ಏನಿತ್ತು’ ಅಂತ ವಿಚಾರಿಸ್ಕೊಂಡ್ರು.

ಮಲ್ಲಿಗೆ_ಮೊಗ್ಗು:

ರೇಟ್ ಎಷ್ಟು ಬಿತ್ತು ಅಂತ ಹೇಳ್ತೀರಾ ಅಣ್ಣಾ. ಮತ್ತೆ ನಾನೂ ಅಮ್ಮನೂ ಇಬ್ರೇ ಹೋಗೋದಾದ್ರೆ ಆ ಲೋಕಲ್ ಐಡಿ ತೊಂದರೆ ಆಗತ್ತಾ? ನಾವಿರೋದು ಸರಸ್ವತಿಪುರಂ. ಅಪ್ಪ ಹೋದ್ಮೇಲೆ ಅಮ್ಮ ಮನೆ ಬಿಟ್ಟು ಎಲ್ಲೂ ಬಂದಿಲ್ಲ, ದೂರ ಅಂದ್ರೆ ಬೇಡ ಅಂತಾರೆ, ಇದಾದ್ರೆ ಒಪ್ಪಬಹುದೇನೋ ಅಂತ.

ಒಂಟಿಕೊಪ್ಪಲ್_ಹುಡ್ಗ:

ರೂಮು ರಾತ್ರಿಗೆ 6,800, ಮೇಲೆ ಟ್ಯಾಕ್ಸ್ 340, ತಿಂಡಿ ಸೇರಿ. ಎರಡು ರಾತ್ರಿಗೆ 14,280. ತಿಂಡಿ ಮಾತ್ರ ನಿಜವಾಗ್ಲೂ ಚೆನ್ನಾಗಿತ್ತು, ಬಫೆ ಗಲಾಟೆ ಇಲ್ಲ, ಒಬ್ಬ ಅಜ್ಜಿ ಬಿಸಿ ಬಿಸಿ ಸೆಟ್ ದೋಸೆ ತಂದು ತಂದು ಹಾಕ್ತಿದ್ರು, ಸಾಗು ಬೇರೆ. ಅಮ್ಮನ್ನ ಕರ್ಕೊಂಡೋಗಿ, ಖಂಡಿತ ಒಪ್ತಾರೆ.

ಲೆಕ್ಕದ_ಮೇಷ್ಟ್ರು:

ಟ್ಯಾಕ್ಸ್ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5 ಪರ್ಸೆಂಟು, ಮೊದಲು 12 ಇತ್ತು. 7,500 ದಾಟಿದ್ರೆ 18. ಹಾಗಾಗಿ 7,400ರ ರೂಮಿಗೂ 7,600ರ ರೂಮಿಗೂ ಬಿಲ್ಲಲ್ಲಿ ಸಾವಿರಕ್ಕೂ ಮೇಲೆ ವ್ಯತ್ಯಾಸ ಬೀಳತ್ತೆ. ಬುಕ್ ಮಾಡೋ ಮುಂಚೆ ನೋಡ್ಕೊಳ್ಳಿ.

ಲೋಕಲ್ ಐಡಿ ವಿಷಯ: ಅದೇ ಊರವರಿಗೆ ರೂಮ್ ಕೊಡಬಾರದು ಅಂತ ಯಾವ ಕಾನೂನೂ ಇಲ್ಲ, ಹೋಟೆಲ್‌ಗಳು ‘ನಮಗ್ಯಾಕೆ ತಲೆನೋವು’ ಅಂತ ತಾವೇ ಹಾಕ್ಕೊಂಡಿರೋ ರೂಲು. ಆಪ್‌ಗಳಲ್ಲಿ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಬರ್ದಿರ್ತಾರೆ, ನಾವು ಓದಲ್ಲ. ಮಲ್ಲಿಗೆ ಅವರೇ, ಫೋನ್ ಮಾಡಿ ಕೇಳಿ, ಆಮೇಲೆ ಮೆಸೇಜಲ್ಲೋ ಇಮೇಲಲ್ಲೋ ‘ಮೈಸೂರು ವಿಳಾಸದ ಐಡಿ ಓಕೆ’ ಅಂತ ಬರೆಸ್ಕೊಳ್ಳಿ. ಬಾಯಿಮಾತು ನಂಬ್ಕೊಂಡು ಬ್ಯಾಗ್ ಹಿಡ್ಕೊಂಡು ಹೋಗ್ಬೇಡಿ.

ಇನ್ನು ನನ್ನ ಅಭಿಪ್ರಾಯ ಕೇಳಿದ್ರೆ (ಯಾರೂ ಕೇಳಿಲ್ಲ, ಆದ್ರೂ) 14,280ಕ್ಕೆ ಒಂದು ಒರಿಜಿನಲ್ ಚಿತ್ರ ತಗೊಂಡು ಹೊಸ ಬಣ್ಣದ ಹಾಲಲ್ಲಿ ತೂಗುಹಾಕಿದ್ರೆ ಜೀವನ ಪೂರ್ತಿ ನೋಡ್ಬಹುದಿತ್ತು.

ಕುಂಚ_ಕಾಫಿ:

ಮೇಷ್ಟ್ರ ಕೊನೇ ಮಾತಿಗೆ ನನ್ನದೂ ಓಟು, ಯಾಕಂದ್ರೆ ಚಿತ್ರ ಮಾರಿ ಬದುಕೋಳು ನಾನು. ಇಲ್ಲೇ ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದಿದ್ದು.

ಹನ್ನೊಂದರ ಎಲೆ ಇಲ್ಲ. ದಶಾವತಾರದಲ್ಲಿ ಅಂಕಿ ಎಲೆ ಒಂದರಿಂದ ಹತ್ತೇ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಕೂತು ಹೊಸ ಹೊಸ ಆಟ ಕಟ್ಟಿದ್ರು, ಅದರಲ್ಲೊಂದಕ್ಕೆ 360 ಎಲೆ, ಅದು ಬೇರೆ ಕಥೆ. ನೀವು ಹೇಳ್ತಿರೋದು 120ರ ಕಟ್ಟು, ಅಲ್ಲಿ ಹನ್ನೊಂದು ಅಂದ್ರೆ ತಪ್ಪೇ.

ನನ್ನ ಅನುಮಾನ, ಅದು ವಾಲ್‌ಪೇಪರು. ಈಗೆಲ್ಲಾ ಹೋಟೆಲ್ ಇಂಟೀರಿಯರ್ ಮಾಡೋರು ಇಂಟರ್ನೆಟ್ಟಿಂದ ಒಂದು ಮೀನು ಎತ್ಕೊಂಡು ಕಂಪ್ಯೂಟರಲ್ಲಿ ಕಾಪಿ ಪೇಸ್ಟ್ ಮಾಡ್ತಾ ಹೋಗ್ತಾರೆ, ಕೈ ಜಾರಿದ್ರೆ ಹನ್ನೊಂದು. ‘ಪಾರಂಪರಿಕ ಕಲೆಯ ಅನುಭವ’ ಅಂತ ಬೋರ್ಡ್ ಹಾಕಿ ಪ್ರಿಂಟ್ ಅಂಟಿಸೋದು. ನಾನು ಬೇರೆ ಊರಲ್ಲಿ ಒಂದು ಹೋಟೆಲಿಗೆ ಗೋಡೆ ಬರೆದೆ, ಚದರ ಅಡಿ ಲೆಕ್ಕ, ಸಾರಣೆ ಕೆಲಸದವರ ತರ. ಕೆಳಗೆ ಮೂಲೇಲಿ ಬೆರಳಗಲ ಸಹಿ ಹಾಕಿದ್ದಕ್ಕೆ ಅಳಿಸಿ ಅಂದ್ರು. ದುಡ್ಡು ಬರೋಕೆ ಎಂಟು ತಿಂಗಳು.

ನೀವು ಆ ಗೋಡೇನ ಮುಟ್ಟಿ ನೋಡಿದ್ರಾ? ಲಾಬೀಲಿ ಬೇರೆ ಚಿತ್ರ ಇತ್ತಾ?

ಒಂಟಿಕೊಪ್ಪಲ್_ಹುಡ್ಗ:

ಮುಟ್ಲಿಲ್ಲ ಮೇಡಂ, ‘ದಯವಿಟ್ಟು ಮುಟ್ಟಬೇಡಿ’ ಅಂತ ಬರೆದಿತ್ತು. ನಾವು ಬರೆದಿದ್ದು ಪಾಲಿಸೋ ಜನ, ಮೈಸೂರವ್ರು. ಲಾಬೀಲಿ ಒಂದು ದೊಡ್ಡ ಪಟ್ಟಾಭಿಷೇಕದ ಚಿತ್ರ ಇತ್ತು, ಗಾಜಿನ ಫ್ರೇಮು, ಚಿನ್ನದ ಬಣ್ಣ ಹೊಳೀತಿತ್ತು. ತಂಜಾವೂರು ತರ.

ಕುಂಚ_ಕಾಫಿ:

ಅಯ್ಯೋ, ಮೈಸೂರಲ್ಲಿ ಹುಟ್ಟಿ ತಂಜಾವೂರು ತರ ಅಂತೀರಲ್ಲ ಸರ್! ಬೇಜಾರ್ ಮಾಡ್ಕೋಬೇಡಿ, ನಮ್ಮಣ್ಣನೂ ಹಂಗೇ ಅಂತಾನೆ. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಗಾಜಿನ ಕಲ್ಲು ಕೂಡಿಸಿರ್ತಾರೆ, ದೂರದಿಂದಲೇ ಕಣ್ಣಿಗೆ ಹೊಡಿಯತ್ತೆ. ಮೈಸೂರಿನದರಲ್ಲಿ ಉಬ್ಬು ಬಹಳ ತೆಳು, ಎದುರಿಗೆ ನಿಂತ್ರೆ ಕಾಣೋದೇ ಇಲ್ಲ. ಫೋನ್ ಟಾರ್ಚ್ ಹಾಕಿ ಪಕ್ಕದಿಂದ, ಗೋಡೆಗೆ ಸವರಿದ ಹಾಗೆ ಬೆಳಕು ಬಿಡಿ. ಆಗ ಸರದ ಒಂದೊಂದು ಮಣಿ, ಸೆರಗಿನ ಅಂಚಿನ ಗೆರೆ ಕೂದಲೆಳೆಯಷ್ಟು ಮೇಲೆದ್ದು ನೆರಳು ಬೀಳತ್ತೆ. ಪ್ರಿಂಟಾದ್ರೆ ಯಾವ ಕಡೆಯಿಂದ ಬೆಳಕು ಬಿಟ್ರೂ ಚಪ್ಪಟೆ.

ಆ ಉಬ್ಬು ಮಾಡೋದೇ ದೊಡ್ಡ ಕೆಲಸ. ಬಿಳಿ ಸಫೇದ ಪುಡಿ, ರೇವಣಚಿನ್ನಿ ಹಾಲು, ಅಂಟು ಅರೆದು ತೆಳ್ಳಗೆ ಮಾಡ್ಕೊಂಡು ಕುಂಚದ ತುದೀಲಿ ಚುಕ್ಕೆ ಚುಕ್ಕೆ ಇಡ್ತಾ ಹೋಗ್ಬೇಕು, ಒಂದು ಕಿರೀಟಕ್ಕೇ ದಿನ ಹೋಗತ್ತೆ, ಆಮೇಲೆ ಚಿನ್ನದ ರೇಕು ಕೂಡಿಸಿ, ಎಲ್ಲಾ ಮುಗಿದ್ಮೇಲೆ ಚಿತ್ರದ ಮೇಲೆ ತೆಳು ಕಾಗದ ಹಾಸಿ ನಯವಾದ ಕಲ್ಲಲ್ಲಿ ಉಜ್ಜೋದು. ಆ ಉಜ್ಜಿದ ಮೇಲೆ ಬರೋ ಹೊಳಪೇ ಬೇರೆ, ಮಿರಮಿರ ಅನ್ನಲ್ಲ, ದೇವರ ಮನೆ ದೀಪದ ಬೆಳಕಲ್ಲಿ ನೋಡೋ ಹಾಗಿರತ್ತೆ.

ಬೀದರ್_ಬಸ್:

ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ದೀಪದ ಹುಡುಗಿ ಚಿತ್ರ ಐತಲ್ಲ, ಅದೂ ಇದೇ ತರಹದ್ದಾ? ಸ್ಕೂಲ್ ಟ್ರಿಪ್ಪಿನಾಗ ನೋಡಿದ್ದೆ, ಕತ್ತಲಿ ಕೋಣಿಯಾಗ ಇಟ್ಟಿದ್ರು.

ಕುಂಚ_ಕಾಫಿ:

ಅದು ರವಿವರ್ಮಂದಲ್ಲ, ಎಲ್ರೂ ಹಂಗೇ ಅಂದ್ಕೊಂಡಿದಾರೆ. ಎಸ್. ಎಲ್. ಹಲ್ದಣ್‌ಕರ್ ಅನ್ನೋರು 1945-46ರ ಸುಮಾರಿಗೆ ಬರೆದಿದ್ದು, ಜಲವರ್ಣ. ಮಾಡೆಲ್ ಆಗಿ ನಿಂತಿದ್ದು ಅವರ ಮಗಳು ಗೀತಾ. ಜಲವರ್ಣದಲ್ಲಿ ತಪ್ಪಿದ್ರೆ ಮೇಲೆ ಬಳಿದು ಮುಚ್ಚೋಕಾಗಲ್ಲ, ಅಂಥದ್ರಲ್ಲಿ ಬೆರಳ ಸಂದಿಯಿಂದ ಬರೋ ಆ ಕೆಂಪು ಬೆಳಕು ತೆಗೆದಿದಾರೆ ನೋಡಿ. ರವಿವರ್ಮನ ಚಿತ್ರಗಳೂ ಅದೇ ಅರಮನೇಲಿವೆ, ಹಾಗಾಗಿ ಜನ ಎರಡನ್ನೂ ಸೇರಿಸ್ಬಿಡ್ತಾರೆ.

ಕುಡ್ಲದ_ಮಳೆ:

ಮಾರಾಯ್ರೆ, ನಮ್ಮಲ್ಲಿ ಇಂಥ ಹೋಟೆಲ್ ಮಾಡಿದ್ರೆ ಯಕ್ಷಗಾನದ ರೂಮು ಅಂತ ಒಂದು ಮಾಡಿಯೇ ಮಾಡ್ತಾರೆ. ರಾತ್ರಿ ಎರಡು ಗಂಟೆಗೆ ನೀರು ಕುಡಿಲಿಕ್ಕೆ ಎದ್ದು ನೋಡಿದ್ರೆ ಎದುರಲ್ಲಿ ಬಣ್ಣದ ವೇಷ ಕಣ್ಣು ಬಿಟ್ಕೊಂಡು ನಿಂತಿರ್ತದೆ. ಮತ್ತೆ ನಿದ್ದೆ ಬರ್ಲಿಕ್ಕುಂಟಾ.

ಒಸಾಕಾ_ಕನ್ನಡಿಗ:

ಜಪಾನಲ್ಲಿ ನಾವೊಷಿಮಾ ಅಂತ ಒಂದು ದ್ವೀಪ ಇದೆ, ಅಲ್ಲಿ ಬೆನೆಸ್ಸೆ ಹೌಸ್ ಅಂತ, ಮ್ಯೂಸಿಯಂ ಮತ್ತೆ ಹೋಟೆಲ್ ಎರಡೂ ಒಂದೇ, 1992ರಲ್ಲಿ ಶುರುವಾಗಿದ್ದು, ಕಟ್ಟಿಸಿದ ಆರ್ಕಿಟೆಕ್ಟ್ ತಡಾವೊ ಆಂಡೊ. ಅಲ್ಲಿ ಸಮುದ್ರದ ದಡದ ಕಟ್ಟೆ ತುದೀಲಿ ಯಾಯೋಯಿ ಕುಸಾಮ ಅನ್ನೋ ಕಲಾವಿದೆ ಮಾಡಿದ ಹಳದಿ ಕುಂಬಳಕಾಯಿ ಶಿಲ್ಪ ಇದೆ, ಮೈತುಂಬಾ ಕಪ್ಪು ಚುಕ್ಕೆ. 2021ರ ಆಗಸ್ಟಲ್ಲಿ ಚಂಡಮಾರುತಕ್ಕೆ ಕೊಚ್ಕೊಂಡೋಗಿ ಮುರಿದೋಯ್ತು, 2022ರಲ್ಲಿ ಮತ್ತೆ ತಂದು ಕೂರಿಸಿದ್ರು. ನಾನು ಇಷ್ಟು ಖರ್ಚು ಮಾಡಿ ಅಷ್ಟು ದೂರ ಹೋಗಿ ಕುಂಬಳಕಾಯಿ ಮುಂದೆ ಫೋಟೋ ತೆಗೆಸ್ಕೊಂಡು ಬಂದೆ. ಮೈಸೂರಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದೀನಿ, ಗಂಜೀಫಾ ಅಂದ್ರೇನು ಅಂತ ಗೊತ್ತಾಗಿದ್ದು ಇವತ್ತು ಈ ಥ್ರೆಡ್ಡಲ್ಲಿ.

ಗದಗ_ಗಿರಮಿಟ್:

ಕುಂಬಳಕಾಯಿ ನೋಡಾಕ ಹಡಗು ಹತ್ತಿ ಹೋದೋರೂ ಅದಾರಂದ್ರ ಮೀನ ಎಣಿಸಿದವ್ರೇ ಶ್ಯಾಣ್ಯಾರು ಬಿಡ್ರಿ.

ಮಂಡಿ_ಮೊಹಲ್ಲಾ_ಬಾಯ್:

ಸರ್, ಅಲ್ಲಿ ಇನ್‌ಲೇ ರೂಮ್ ಅಂದ್ರಲ್ಲ, ಮಂಚದ ತಲೆಹಲಗೆ ಬೀಟೆ ಮರದ್ದಾ? ನಮ್ಮ ತಾತ ಇನ್‌ಲೇ ಕೆಲಸ ಮಾಡ್ತಿದ್ರು, ಮಂಡಿ ಮೊಹಲ್ಲಾದಲ್ಲೇ, ನಮ್ಮ ಗಲ್ಲೀಲಿ ಮನೆ ಮನೇಲೂ ಅದೇ ಕೆಲಸ ಇದ್ದ ಕಾಲ. ಬೀಟೆ ಹಲಗೆ ಮೇಲೆ ಡ್ರಾಯಿಂಗ್ ಇಟ್ಟು ತೆಳ್ಳಗೆ ಕೆತ್ತಿ ಗುಳಿ ಮಾಡ್ಕೊಳೋದು, ಬೇರೆ ಬೇರೆ ಬಣ್ಣದ ಮರದ ಚೂರನ್ನ ಸಣ್ಣ ಗರಗಸದಲ್ಲಿ ಅದೇ ಆಕಾರಕ್ಕೆ ಕೊಯ್ದು ಅಲ್ಲಿ ಕೂರಿಸೋದು. ಬಣ್ಣ ಬಳಿಯೋ ಹಾಗಿಲ್ಲ, ಹಳದಿ ಬೇಕಾ, ಹಲಸಿನ ಮರ ಹುಡುಕು. ಅರಮನೆ ಬಾಗಿಲುಗಳಲ್ಲಿ ಬಿಳಿ ಇರೋದೆಲ್ಲಾ ದಂತ, ಈಗ ದಂತ ಬ್ಯಾನು, ಪ್ಲಾಸ್ಟಿಕ್ ಹಾಕ್ತಾರೆ. ತಾತನಿಗೆ ಪ್ಲಾಸ್ಟಿಕ್ ಅಂದ್ರೆ ಆಗ್ತಿರ್ಲಿಲ್ಲ, ‘ಆನೆಗೆ ಒಳ್ಳೇದಾಯ್ತು, ಆನೆ ಚಿತ್ರಕ್ಕೆ ಕೆಟ್ಟದಾಯ್ತು’ ಅಂತಿದ್ರು.

ನಿಜವಾದ ಇನ್‌ಲೇನ ಎಸಿ ರೂಮಲ್ಲಿಟ್ರೆ ಮರ ಒಣಗಿ ಚೂರಿನ ಅಂಚು ಒಂಚೂರು ಎದ್ದಿರತ್ತೆ, ಉಗುರು ತಾಗಿಸಿದ್ರೆ ಗೊತ್ತಾಗತ್ತೆ. ಉಗುರು ಜಾರಿದ್ರೆ ಸ್ಟಿಕ್ಕರು.

ಒಂಟಿಕೊಪ್ಪಲ್_ಹುಡ್ಗ:

ಆ ರೂಮ್ ಒಳಗೆ ಹೋಗ್ಲಿಲ್ಲ ಭಾಯ್, ಗೆಸ್ಟ್ ಇದ್ರು. ನಾಳೆ ಒಂದು ಸಲ ಹೋಗ್ತೀನಿ ಆ ಹೋಟೆಲಿಗೆ, ಮಗಳ ಟ್ಯಾಬ್ ಚಾರ್ಜರ್ ಅಲ್ಲೇ ಬಿಟ್ಟು ಬಂದಿದೀವಿ. ಟಾರ್ಚು, ಉಗುರು ಎರಡೂ ತಗೊಂಡು ಹೋಗ್ತೀನಿ.

ಲೆಕ್ಕದ_ಮೇಷ್ಟ್ರು:

ಹನ್ನೊಂದನೇ ಮೀನಿನ ಫೋಟೋನೂ ತನ್ನಿ.

ಒಂಟಿಕೊಪ್ಪಲ್_ಹುಡ್ಗ:

ಅಪ್ಡೇಟ್. ಉದ್ದ ಇದೆ, ಕೂತ್ಕೊಂಡು ಓದಿ.

ಇವತ್ತು ಭಾನುವಾರ ಸಂಜೆ ಹೋಗಿದ್ದೆ, ಅರಮನೆ ಲೈಟ್ ಹಾಕೋ ಹೊತ್ತು, ಟೂರಿಸ್ಟ್‌ಗಳೆಲ್ಲಾ ಆ ಕಡೆ ಹೋಗಿ ಹೋಟೆಲ್ ಖಾಲಿ ಇತ್ತು. ಮೊದಲು ಲಾಬಿ ಚಿತ್ರಕ್ಕೆ ಪಕ್ಕದಿಂದ ಟಾರ್ಚ್ ಬಿಟ್ಟೆ. ಕುಂಚ ಮೇಡಂ, ಗಾಜಿದ್ರೂ ಕಾಣಿಸ್ತು. ಸೀತಮ್ಮನ ಸೊಂಟದ ಡಾಬು, ಅದರ ಒಂದೊಂದು ಕೊಂಡಿಗೂ ಒಂದೊಂದು ನೆರಳು, ಸಾಸಿವೆ ಕಾಳಿನ ನೆರಳು ಹೇಗಿರತ್ತೆ ಹಂಗೆ. ಎರಡು ದಿನ ಅದರ ಮುಂದೇನೇ ಕಾಫಿ ಕುಡಿದಿದೀನಿ ನಾನು. ಸೆಕ್ಯುರಿಟಿಯವ್ರು ಬಂದು ಏನ್ ಸರ್ ಹುಡುಕ್ತಿದೀರಾ ಅಂದ್ರು, ಏನಂತ ಹೇಳ್ಲಿ.

ಚಾರ್ಜರ್ ತಂದುಕೊಟ್ಟಿದ್ದು ರೂಮ್ ಕ್ಲೀನ್ ಮಾಡೋ ಅಕ್ಕ. ಗಂಜೀಫಾ ರೂಮ್ ಖಾಲಿ ಇದ್ಯಾ ಅಕ್ಕಾ, ಒಂದ್ನಿಮಿಷ ನೋಡ್ಬಹುದಾ, ಮೀನು ಎಣಿಸ್ಬೇಕು ಅಂದೆ. ಆಯಮ್ಮ ಜೋರಾಗಿ ನಕ್ಬಿಟ್ರು. ‘ಹನ್ನೊಂದು ಸಿಕ್ತಾ ಸಾರ್ ನಿಮ್ಗೆ? ಇಷ್ಟ್ ದಿನದಲ್ಲಿ ಎಣಿಸಿದ್ದು ನೀವೇ ಮೊದ್ಲು.’

ವಿಷಯ ಏನಪ್ಪಾ ಅಂದ್ರೆ ಆ ರೂಮ್ ಮೇಲೆ ಇರೋದು ಹಳೇ ತಾರಸಿ. ಮತ್ಸ್ಯದ ಸಾಲು ಮೇಲುಗಡೆದು, ಸೂರಿಗೆ ಹತ್ತಿರ. ಹೋದ ವರ್ಷ ಮಳೇಲಿ ಆ ಮೂಲೇಲಿ ಸೋರಿ, ಹತ್ತರ ಎಲೆ ಅಂಚಲ್ಲಿ ಹೆಬ್ಬೆಟ್ಟಿನಷ್ಟು ಕಂದು ಕಲೆ ಆಯ್ತಂತೆ. ತಾರಸಿ ರಿಪೇರಿ ಆಯ್ತು, ಕಲೆ ಹೋಗ್ಲಿಲ್ಲ. ಅದೇ ಬಣ್ಣ ಬಳಿದ್ರೆ ಎರಡು ವಾರಕ್ಕೆ ಕಲೆ ಮತ್ತೆ ಮೇಲೆ ಬರ್ತಿತ್ತಂತೆ. ಕೊನೆಗೆ ಗೋಡೆ ಬರೆದಿದ್ದ ಹುಡುಗೀನೇ ಕರೆಸಿದ್ರು, ಅವಳು ಏಣಿ ಹತ್ತಿ ಸ್ವಲ್ಪ ಹೊತ್ತು ನೋಡಿ, ಆ ಕಲೆ ಮೇಲೆ ಗಾಢ ಬಣ್ಣದಲ್ಲಿ ಒಂದು ಮೀನು ಬರೆದು ಇಳಿದು ಬಂದ್ಳಂತೆ. ‘ಹತ್ತು ಇರ್ಬೇಕಲ್ವಮ್ಮಾ ಅಂತ ನಾನೇ ಕೇಳ್ದೆ, ಯಾರು ಎಣಿಸ್ತಾರೆ ಬಿಡಕ್ಕಾ ಅಂದ್ಲು’ ಅಂತ ಆಯಮ್ಮ ಹೇಳ್ತಿದ್ರೆ ನಾನು ಮಂಚದ ಮೇಲೆ ನಿಂತು ಟಾರ್ಚ್ ಬಿಡ್ತಿದ್ದೆ. ಹತ್ತಿರದಿಂದ ನೋಡಿದ್ರೆ ಗೊತ್ತಾಗತ್ತೆ, ಉಳಿದ ಹತ್ತಕ್ಕೆ ಕಣ್ಣು ಬರೀ ಚುಕ್ಕೆ, ಇದಕ್ಕೆ ರೆಪ್ಪೆ ಇದೆ. ಮೀನಿಗೆ ರೆಪ್ಪೆ!

ಅಂದ್ರೆ ವಾಲ್‌ಪೇಪರ್ ಅಲ್ಲ. 120 ಎಲೇನೂ ಕೈಯಲ್ಲೇ ಬರೆದಿರೋದು. ಇನ್‌ಲೇ ರೂಮ್ ಮಾತ್ರ, ಭಾಯ್, ಬೇಜಾರಿನ ಸುದ್ದಿ, ಉಗುರು ಜಾರ್ತು.

ಮಂಡಿ_ಮೊಹಲ್ಲಾ_ಬಾಯ್:

ಗೊತ್ತಿತ್ತು ಸರ್. ಬೀಟೆ ಮರದ ರೇಟ್ ಕೇಳಿದ್ರೆ ಅವ್ರದ್ದೂ ತಪ್ಪಲ್ಲ ಬಿಡಿ.

ಕುಂಚ_ಕಾಫಿ:

ವಾಲ್‌ಪೇಪರ್ ಅಂದಿದ್ದು ವಾಪಸ್ ತಗೊಂಡೆ. ಆ ಹುಡುಗಿ ಹೆಸರು ಎಲ್ಲಾದ್ರೂ ಹಾಕಿದಾರಾ ಗೋಡೆ ಮೇಲೆ?

ಒಂಟಿಕೊಪ್ಪಲ್_ಹುಡ್ಗ:

ಇಲ್ಲ ಮೇಡಂ. ಕೇಳ್ದೆ, ಮ್ಯಾನೇಜರ್‌ಗೆ ಗೊತ್ತಿಲ್ಲ, ‘ಏಜೆನ್ಸಿ ಕಡೆಯಿಂದ ಬಂದಿದ್ರು’ ಅಂದ್ರು. ಕ್ಲೀನ್ ಮಾಡೋ ಅಕ್ಕನ ಹತ್ರ ನಂಬರ್ ಇದ್ಯಂತೆ, ಅವಳನ್ನ ಕೇಳಿ ಆಮೇಲೆ ಕೊಡ್ತೀನಿ ಅಂದಿದಾರೆ. ನಮ್ಮ ಹಾಲ್ ಗೋಡೆ ಒಂದು ಇನ್ನೂ ಖಾಲಿ ಇದೆ, ಬಣ್ಣದವರು ಎಂಟನೇ ದಿನಕ್ಕೂ ಅದನ್ನ ಮುಟ್ಟಿಲ್ಲ. ಮೇಷ್ಟ್ರೇ, ನಿಮ್ಮ ಐಡಿಯಾನೇ.

ಲೆಕ್ಕದ_ಮೇಷ್ಟ್ರು:

ಚದರ ಅಡಿ ಲೆಕ್ಕ ಹಾಕ್ಬೇಡಿ ಮತ್ತೆ. ಅರ್ಧ ಅಡ್ವಾನ್ಸ್ ಕೊಡಿ, ಸಹಿ ಹಾಕ್ಸಿ.

ಗದಗ_ಗಿರಮಿಟ್:

ಅಂದ್ರ ಕಲೆ ಮುಚ್ಚಾಕ ಕಲೆ ಮಾಡ್ಯಾಳ ಹುಡುಗಿ. ನಮ್ಮ ಅಡಿಗಿ ಮನ್ಯಾಗೂ ಒಂದು ಕಲೆ ಐತಿ, ಒಗ್ಗರಣಿದು. ಬಂದ್ರ ಹೇಳ್ರಿ.

ಮಲ್ಲಿಗೆ_ಮೊಗ್ಗು:

ಅಣ್ಣಾ, ಬುಕ್ ಮಾಡ್ದೆ! ಮುಂದಿನ ಶುಕ್ರವಾರ, ಮೆಸೇಜಲ್ಲಿ ಬರೆಸ್ಕೊಂಡೂ ಆಯ್ತು. ಅಮ್ಮ ‘ಇಲ್ಲೇ ತಾನೇ, ಗಿಡಕ್ಕೆ ನೀರು ಹಾಕೋಕೆ ಬೆಳಿಗ್ಗೆ ಬಂದ್ಹೋಗಬಹುದು’ ಅಂತ ಒಪ್ಕೊಂಡ್ರು. ಯಾವ ರೂಮ್ ಕೇಳ್ಲಿ?

ಒಂಟಿಕೊಪ್ಪಲ್_ಹುಡ್ಗ:

ಅಮ್ಮಂಗೆ ಮಂಡಿ ನೋವಿದ್ರೆ ಕೆಳಗಿನ ಹಸೆ ಚಿತ್ತಾರದ ರೂಮ್ ಕೇಳಿ, ಗಂಜೀಫಾಗೆ ಮೆಟ್ಟಿಲು ಬಹಳ ಕಡಿದು. ಆದ್ರೆ ಮೀನು ನೋಡ್ಕೊಂಡೇ ಬನ್ನಿ, ಆ ಅಕ್ಕ ತೋರಿಸ್ತಾರೆ. ಸೆಟ್ ದೋಸೆ ಅಜ್ಜಿ ಒಂಬತ್ತೂವರೆಗೆ ಹೋಗ್ಬಿಡ್ತಾರೆ, ಗಿಡಕ್ಕೆ ನೀರು ಹಾಕಿ ಅಷ್ಟರೊಳಗೆ ಬಂದ್ಬಿಡಿ.